ವೆಂಕಟಸುಬ್ಬಯ್ಯನವರ ನೂರನೆಯ ಉತ್ತರ

ರಾಮಮೂರ್ತಿ ನಗರದಲ್ಲಿ ಶ್ರೀರಾಮಪ್ಪನವರ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಬಾಡಿಗೆಗಿರುವ ವೆಂಕಟಸುಬ್ಬಯ್ಯನವರನ್ನು ಈ ಲೋಕದಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ದಾರಿ ತಪ್ಪಿದ ಆಟೋದವನು ಗೇಟಿನ ಮುಂದೆಯೇ ನಿಂತಿರುವ ಇವರನ್ನು ಬಿಟ್ಟು, ರಸ್ತೆ ದಾಟಿ ಹೋಗಿ ಎಳನೀರಿನವನನ್ನು ಕೇಳುತ್ತಿದ್ದ. ಮದುವೆಯಾಗಿ ಮೈಸೂರು ಸೇರಿದ ಮಗಳು ವಿಭಾ ಫೋನ್ ಮಾಡಿದರೆ, "ಅಪ್ಪಾ, ಅಮ್ಮಂಗೆ ಕೊಡು" ಎಂಬುದು ಬಿಟ್ಟರೆ ಅವರಿಬ್ಬರ ನಡುವೆ ಬೇರೆ ಮಾತೇ ಇರಲಿಲ್ಲ. ಹೆಂಡತಿ ವೇದಾ ತರಕಾರಿಯವಳನ್ನು, "ಇವತ್ತು ಏನು ಹುಳಿ ಮಾಡ್ಲೇ?" ಎಂದು ಕೇಳುತ್ತಿದ್ದರೇ ಹೊರತು, ಆ ಹುಳಿಯನ್ನು ತಿನ್ನಬೇಕಾದ ಗಂಡನನ್ನು ಕೇಳಿದವರಲ್ಲ.

ಹಾಗಂತ ಅವರಿಗೆ ಅನುಭವವಿರಲಿಲ್ಲವೇ? ಇತ್ತು. ಹಲಸೂರಿನ ಹತ್ತಿರ ಒಂದು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಮೂವತ್ತಮೂರು ವರ್ಷ ಸವೆಸಿದ ದೇಹ ಅದು. ಲಾರಿ ಸುಟ್ಟಿತು, ಅಂಗಡಿಗೆ ನೀರು ನುಗ್ಗಿತು ಎಂದು ಜನ ಅಳುತ್ತಾ ಬರೆದ ಅರ್ಜಿಗಳು ಇವರ ಮೇಜಿಗೆ ಬರುತ್ತಿದ್ದವು. ಫೈಲಿನಲ್ಲಿ ಪರಿಶೀಲನೆಯ ವರದಿ ಇಲ್ಲದಿದ್ದರೆ "ಸ್ಥಳ ಪರಿಶೀಲನೆ ಆಗಿಲ್ಲ, ವಾಪಸ್" ಎಂದು ಬರೆದು ಕಳಿಸುವುದು ಇವರ ಕೆಲಸ. ಸ್ವತಃ ಇವರು ಯಾವ ಸ್ಥಳಕ್ಕೂ ಹೋದವರಲ್ಲ, ಸುಟ್ಟ ಲಾರಿ ಹಾಗಿರಲಿ, ಸೀದ ಸಾರನ್ನೂ ಹತ್ತಿರದಿಂದ ಕಂಡವರಲ್ಲ. ಆದರೆ ಆ ಒಂದು ವಾಕ್ಯ ಮಾತ್ರ ಅವರ ರಕ್ತದಲ್ಲಿ ಸೇರಿಹೋಗಿತ್ತು.

ಇಂಥವರು ನಿವೃತ್ತರಾದ ಎಂಟನೇ ತಿಂಗಳಿಗೆ ಮಗಳು ಫೋನಿಗೆ 'ಕೇಳಿ ನೋಡಿ' ಎಂಬ ಆ್ಯಪ್ ಹಾಕಿಕೊಟ್ಟು ಹೋದಳು. ಅದೊಂದು ಸಲಹೆಗಳ ಸಂತೆ. ಯಾರು ಬೇಕಾದರೂ ಮನೆವಾರ್ತೆಯ ಕಷ್ಟ ಕೇಳಬಹುದು, ಯಾರು ಬೇಕಾದರೂ ಉತ್ತರ ಹೇಳಬಹುದು. ಕೇಳಿದವರಿಗೆ ಉತ್ತರ ಒಪ್ಪಿಗೆಯಾದರೆ ಹಸಿರು ಟಿಕ್ ಒತ್ತುತ್ತಾರೆ. ಐವತ್ತು ಟಿಕ್ ಬಂದರೆ 'ಗುರು', ನೂರು ಬಂದರೆ 'ಮಹಾಗುರು'.

ಒಂದು ಬೆಳಿಗ್ಗೆ ಬಾಣಸವಾಡಿಯ ಯಾರೋ ಹೆಂಗಸು, ದೋಸೆ ಕಾವಲಿಗೆ ಅಂಟಿಕೊಳ್ಳುತ್ತಿದೆ, ಏನು ಮಾಡಲಿ ಎಂದು ಕೇಳಿದ್ದಳು. ಅರ್ಧ ಈರುಳ್ಳಿ ಉಜ್ಜಬೇಕು ಎಂದು ವೇದಾ ಎಂದೋ ಗೊಣಗಿದ್ದು ನೆನಪಾಗಿ, 'ಅನುಭವಿ' ಎಂಬ ಹೆಸರಿನಲ್ಲಿ ವೆಂಕಟಸುಬ್ಬಯ್ಯ ಬರೆದರು: "ಸದರಿ ಕಾವಲಿಗೆ ಅರ್ಧ ಈರುಳ್ಳಿಯನ್ನು ಉಜ್ಜತಕ್ಕದ್ದು." ಹತ್ತು ನಿಮಿಷಕ್ಕೆ ಹಸಿರು ಟಿಕ್ ಬಂತು. ಜೊತೆಗೆ, "ಥ್ಯಾಂಕ್ಯೂ ಸರ್, ನೀವಿಲ್ದಿದ್ರೆ ಇವತ್ತು ಉಪ್ಪಿಟ್ಟೇ ಗತಿಯಾಗ್ತಿತ್ತು" ಎಂಬ ಸಾಲು. ಅದನ್ನು ಅವರು ಹನ್ನೊಂದು ಸಲ ಓದಿದರು. ಅರವತ್ತು ವರ್ಷಕ್ಕೆ ಯಾರೋ ಒಬ್ಬರು ತಮ್ಮನ್ನು ಕೇಳಿದ್ದರು, ತಾವು ಹೇಳಿದ್ದರು, ಅದು ಕೆಲಸವನ್ನೂ ಮಾಡಿತ್ತು! ಆನಂದಕ್ಕೆ ಕಣ್ಣು ತುಂಬಿ ಕನ್ನಡಕ ಮಂಜಾಯಿತು.

ಎರಡನೆಯ ಪ್ರಶ್ನೆ ಹಾಲಿನ ಪಾತ್ರೆ ತಳ ಹಿಡಿದರೆ ಕರಿ ಹೋಗುವುದು ಹೇಗೆ ಎಂಬುದು. ಇದರ ಬಗ್ಗೆ ವೇದಾ ಯಾವತ್ತೂ ಗೊಣಗಿರಲಿಲ್ಲ, ಏಕೆಂದರೆ ಅವರು ಹಾಲು ಸೀಯಿಸಿದವರೇ ಅಲ್ಲ. ಬೇರೆಯವರಾಗಿದ್ದರೆ ಎಲ್ಲಿಂದಲೋ ಕದ್ದು ಬರೆದುಬಿಡುತ್ತಿದ್ದರು. ವೆಂಕಟಸುಬ್ಬಯ್ಯ ಅಂಥವರಲ್ಲ. ಪ್ರಾಣ ಹೋದರೂ ಸ್ಥಳ ಪರಿಶೀಲನೆಯಿಲ್ಲದೆ ಉತ್ತರ ಕೊಡಕೂಡದು. ಪರಿಶೀಲಿಸಲು ಸೀದ ಪಾತ್ರೆ ಬೇಕು, ಮನೆಯಲ್ಲಿಲ್ಲ. ಇಲ್ಲದಿದ್ದರೆ ಮಾಡಿಕೊಳ್ಳಬೇಕು ತಾನೆ? ವೇದಾ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಅರ್ಧ ಲೀಟರ್ ಹಾಲನ್ನು ಒಲೆಯ ಮೇಲಿಟ್ಟು, ಕೈಗಡಿಯಾರ ನೋಡುತ್ತಾ, ಶ್ರದ್ಧೆಯಿಂದ ಸೀಯಿಸಿದರು. ಆಮೇಲೆ ಹುಣಸೆಹಣ್ಣು ಹಾಕಿ ನೋಡಿದರು, ಉಪ್ಪು ಹಾಕಿ ನೋಡಿದರು, ಕೊನೆಗೆ ಅಡುಗೆ ಸೋಡಾ ಹಾಕಿ ನೀರು ಕುದಿಸಿದಾಗ ಕರಿ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಉತ್ತರ ಬರೆದರು, ಟಿಕ್ ಬಂತು.

ಅಂದಿನಿಂದ ಆ ಮನೆಗೆ ಗ್ರಹಚಾರ ಶುರುವಾಯಿತು. ಯಾರೋ ಬೀಗದೊಳಗೆ ಕೀ ಮುರಿದಿದೆ ಎಂದರೆ ಇವರು ಮುಂಬಾಗಿಲ ಬೀಗದೊಳಗೆ ಕೀ ಮುರಿದರು. ಯಾರದೋ ನಲ್ಲಿ ತೊಟ್ಟಿಕ್ಕಿದರೆ ತಮ್ಮ ನಲ್ಲಿಯ ವಾಷರ್ ಕಿತ್ತರು. ಯಾರದೋ ಅಡುಗೆಮನೆಗೆ ಇರುವೆ ಬಂದರೆ ತಮ್ಮ ಅಡುಗೆಮನೆಯ ಮೂಲೆಯಲ್ಲಿ ಬೆಲ್ಲದ ಚೂರಿಟ್ಟು ಇರುವೆಗಳಿಗಾಗಿ ಕುರ್ಚಿ ಹಾಕಿಕೊಂಡು ಕಾದರು. ಒಂದು ಮಾತು ಹೇಳಬೇಕು, ಮಹಾರಾಯರು ಕೆಡಿಸಿದ್ದನ್ನು ಸರಿಮಾಡಲು ಕಲಿತರು ಕೂಡ. ಸ್ಕ್ರೂಡ್ರೈವರ್ ಹಿಡಿಯುವುದು ಯಾವ ತುದಿಯಲ್ಲಿ ಎಂದು ಗೊತ್ತಿಲ್ಲದ ಮನುಷ್ಯ ಎರಡು ತಿಂಗಳಲ್ಲಿ ವಾಷರ್ ಬದಲಾಯಿಸುವವರಾದರು. ಆದರೆ ಹತ್ತು ಕೆಡಿಸಿದರೆ ಆರು ಸರಿಯಾಗುತ್ತಿತ್ತು, ಉಳಿದ ನಾಲ್ಕು ಹಾಗೇ ಇರುತ್ತಿತ್ತು, ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತಿತ್ತು.

ಈ ವಿದ್ಯಾಭ್ಯಾಸದ ಮೊದಲ ಸಾಕ್ಷಿ ಮೇನ್ ರೋಡಿನ ಹಾರ್ಡ್‌ವೇರ್ ಅಂಗಡಿಯ ಉಮ್ಮೆ ಕುಲ್ಸುಂ.

"ಏನ್ ಸಾರ್ ಇದು?" ಎಂದು ಆಕೆ ಒಂದು ದಿನ ಕೇಳಿಯೇಬಿಟ್ಟರು. "ಸೋಮವಾರ ಬೀಗ ತಗೊಂಡ್ರಿ. ಮಂಗಳವಾರ ಬೀಗ ಕೊಯ್ಯೋಕೆ ಬ್ಲೇಡ್ ತಗೊಂಡ್ರಿ. ಬುಧವಾರ ಮತ್ತೆ ಬೀಗ. ಎರಡೂ ನಮ್ದೇ ಮಾಲು, ಅಲ್ಲಾ ಒಳ್ಳೇದ್ ಮಾಡ್ಲಿ. ಆದ್ರೆ ಯಾಕೆ ಸಾರ್?"

"ಅಧ್ಯಯನ," ಎಂದರು ವೆಂಕಟಸುಬ್ಬಯ್ಯ ಗಂಭೀರವಾಗಿ.

"ಅರೆ ವಾ. ಈ ವಯಸ್ಸಲ್ಲಿ ಕಳ್ಳತನ ಕಲೀತಿದೀರಾ?"

ಅದಕ್ಕಿಂತ ದೊಡ್ಡ ಅಧ್ಯಯನ ಮೋಟರಿನದು. ಮೋಟರಿಗೆ ಗಾಳಿ ಹಿಡಿದು ನೀರೆತ್ತದಿದ್ದರೆ ಏನು ಮಾಡಬೇಕು ಎಂದು ದೊಡ್ಡನೆಕ್ಕುಂದಿಯ ಒಬ್ಬರು ಕೇಳಿದ್ದರು. ವೆಂಕಟಸುಬ್ಬಯ್ಯ ಬೆಳಿಗ್ಗೆ ಎದ್ದವರೇ ಕೆಳಗಿಳಿದು, ಸಂಪಿನ ನೀರು ತಳ ಕಾಣುವವರೆಗೆ ಮೋಟರು ಓಡಿಸಿ, ಇಡೀ ಬಿಲ್ಡಿಂಗಿನ ಮೋಟರಿಗೆ ಗಾಳಿ ಹಿಡಿಸಿದರು. ಮಾರನೆಯ ದಿನ ಸಂಪಿಗೆ ಕಾವೇರಿ ನೀರು ಬಂದರೂ ಟ್ಯಾಂಕಿಗೆ ಏರಲಿಲ್ಲ. ಮೂರು ಮನೆಯವರು ಬಕೆಟ್ ಹಿಡಿದು ನಿಂತರು. ಪ್ಲಂಬರ್ ನರೇಶನಿಗೆ ಫೋನ್ ಮಾಡಿದರೆ, "ಐದೇ ನಿಮಿಷ ಸಾರ್, ಕೆ.ಆರ್. ಪುರಂ ಬ್ರಿಡ್ಜ್ ಹತ್ರ ಇದೀನಿ" ಎಂದ. ಕಳೆದ ನಾಲ್ಕು ವರ್ಷದಿಂದ ಯಾವಾಗ ಫೋನ್ ಮಾಡಿದರೂ ಅವನು ಅಲ್ಲೇ ಇರುತ್ತಿದ್ದ. ಅವನು ಬರುವಷ್ಟರಲ್ಲಿ ವೆಂಕಟಸುಬ್ಬಯ್ಯ ಯಾರೂ ಇಲ್ಲದಾಗ ಮೋಟರಿನ ಮೂತಿಯ ಬಿರಡೆ ಬಿಚ್ಚಿ, ತಂಬಿಗೆಯಿಂದ ನೀರು ತುಂಬಿ, ಸರಿಮಾಡಿಬಿಟ್ಟಿದ್ದರು. ನರೇಶ ಬಂದು ಸ್ವಿಚ್ ಹಾಕಿದ, ಮೋಟರು ಓಡಿತು, ಹೆಸರು ಅವನಿಗೆ ಬಂತು. ವೆಂಕಟಸುಬ್ಬಯ್ಯನವರಿಗೆ ಟಿಕ್ ಬಂತು. ಅದೇ ತೊಂಬತ್ತೊಂಬತ್ತನೆಯದು.

ಇತ್ತ ಮನೆಯ ಮಾಲೀಕರಾದ ಶ್ರೀರಾಮಪ್ಪನವರ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತ್ತು. ಎಪ್ಪತ್ತು ದಾಟಿದ ಮನುಷ್ಯ, ಈ ಊರು ಊರಾಗಿದ್ದಾಗಿನಿಂದ ಇಲ್ಲಿಯವರು. ಮೇಲಿನ ಮನೆಯ ಇರುವೆಗಳು ಮೆಟ್ಟಿಲಿಳಿದು ಬಂದು ಕೆಳಗಿನ ಮನೆಯ ರಾಗಿಹಿಟ್ಟಿನ ಡಬ್ಬ ಸೇರಿದ ದಿನ ಅವರು ಕೋಲೂರಿಕೊಂಡು ಎರಡು ಮಹಡಿ ಹತ್ತಿದರು.

"ಅಮ್ಮಾವ್ರೇ, ನಮ್ಮಪ್ಪನ ಕಾಲದಾಗೆ ಇದು ರಾಗಿ ಹೊಲ. ಒಂದಿನ ಒಂದು ಕೆಟ್ಟದ್ದು ಅಂತ ನಡ್ದಿಲ್ಲ ಈ ಜಾಗದಲ್ಲಿ. ಈಗೇನು ದಿನಕ್ಕೊಂದು? ಬೀಗ ಹೋಯ್ತು, ನಲ್ಲಿ ಹೋಯ್ತು, ಮೋಟ್ರು ಹೋಯ್ತು. ಯಾರಾದ್ರೂ ಏನಾದ್ರೂ ಮಾಡ್ಸವ್ರಾ?"

"ನಂಗೂ ಹಾಗೇ ಅನ್ನಿಸ್ತಿದೆ ಶ್ರೀರಾಮಪ್ಪನವರೇ," ಎಂದು ವೇದಾ ಸೆರಗಿನ ತುದಿ ಹಿಂಡಿದರು. "ಶನಿವಾರ ಎಳ್ಳೆಣ್ಣೆ ದೀಪ ಹಚ್ತಿದೀನಿ. ದೃಷ್ಟಿ ತೆಗೆಸಿದೀನಿ. ಮನೇಲಿ ನಾವಿಬ್ರೇ. ಯಾರು ಬಂದು ಕೆಡಿಸ್ತಾರೆ ಹೇಳಿ?"

ವೆಂಕಟಸುಬ್ಬಯ್ಯ ಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡರು.

"ಏನೋಪ್ಪ," ಎಂದರು ಶ್ರೀರಾಮಪ್ಪ. "ಮುಂದಿನ ತಿಂಗಳು ಕರಾರು ಬರೀಬೇಕು. ಮನಸ್ಸು ಯಾಕೋ ಅಳುಕ್ತೈತೆ. ಕೆಳಗೆ ಸಣ್ಣ ಮಕ್ಕಳವೆ."

ಅವರು ಇಳಿದು ಹೋದ ಮೇಲೆ ವೇದಾ ಕುಸಿದು ಕೂತರು. "ಕೇಳಿಸ್ತೇನ್ರೀ? ಮನೆ ಬಿಡಿಸ್ತಾರೆ. ಹತ್ತೊಂಬತ್ತು ವರ್ಷ. ವಿಭಾ ಇಲ್ಲೇ ಬೆಳೆದದ್ದು, ಇಲ್ಲೇ ಮದುವೆ ಚಪ್ಪರ ಹಾಕಿದ್ದು. ಈ ವಯಸ್ಸಲ್ಲಿ ಸಾಮಾನು ಹೊತ್ಕೊಂಡು ಯಾರ ಮನೆ ಬಾಗಿಲು ತಟ್ಟಲಿ? ನಾನಂತೂ ಇಲ್ಲಿಂದ ಕದಲಲ್ಲ."

ವೆಂಕಟಸುಬ್ಬಯ್ಯ ಪತ್ರಿಕೆ ಮಡಿಸಿಟ್ಟರು. ಇನ್ನು ಸಾಕು, ಇನ್ನೊಂದೇ ಒಂದು ಟಿಕ್, ಮಹಾಗುರುವಾದ ಕೂಡಲೇ ಎಲ್ಲ ನಿಲ್ಲಿಸಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿದರು.

ಆ ಒಂದು ಪ್ರಶ್ನೆ ಮರುದಿನವೇ ಬಂತು. ಅದೂ ಎಲ್ಲರಿಗೂ ಅಲ್ಲ, ನೇರವಾಗಿ 'ಅನುಭವಿ' ಅವರಿಗೇ:

"ನಮಸ್ಕಾರ ಗುರುಗಳೇ. ನಮ್ಮ ಕಟ್ಟಡದಲ್ಲಿ ವಯಸ್ಸಾದ ಗಂಡ ಹೆಂಡತಿ ಬಾಡಿಗೆಗಿದ್ದಾರೆ. ಒಳ್ಳೆಯವರು. ಆದರೆ ಎರಡು ತಿಂಗಳಿಂದ ಅವರ ಮನೆಯಲ್ಲಿ ದಿನಕ್ಕೊಂದು ಹಾಳಾಗುತ್ತಿದೆ, ಅದು ಉಳಿದವರಿಗೂ ತಟ್ಟುತ್ತಿದೆ. ಹಿರಿಯರಿಗೆ ಅವರನ್ನು ಕಳಿಸಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಧೈರ್ಯವಿಲ್ಲ. ಏನು ಮಾಡಬೇಕು?"

ಕೆಳಗಿನ ಮನೆಯಲ್ಲಿ ಶ್ರೀರಾಮಪ್ಪನವರ ಸೊಸೆ ಭಾಗ್ಯಲಕ್ಷ್ಮಿ, ಮಾವ ಹೇಳಿದ್ದನ್ನು ಫೋನಿನಲ್ಲಿ ಬರೆದು ಕಳಿಸಿದ್ದಳು. ದೋಸೆ ಕಾವಲಿಯಿಂದ ಹಿಡಿದು ಎಲ್ಲದಕ್ಕೂ ಆ ಮನೆಯಲ್ಲಿ 'ಅನುಭವಿ' ಹೇಳಿದ್ದೇ ವೇದವಾಕ್ಯ. ಓದುವವರಿಗೆ ಇದು ಥಟ್ಟನೆ ಹೊಳೆಯುತ್ತದೆ. ವೆಂಕಟಸುಬ್ಬಯ್ಯನವರಿಗೆ ಹೊಳೆಯಲಿಲ್ಲ. 'ವಯಸ್ಸಾದ ಗಂಡ ಹೆಂಡತಿ' ಎಂದಾಗ ಅವರ ಕಣ್ಣಿಗೆ ಯಾರೋ ಎಂಬತ್ತರ ಮುದುಕರು ಬಂದರು. ಇನ್ನು ಹಾಳಾಗುವ ಮಾತೋ, ತಮ್ಮ ಮನೆಯಲ್ಲಿ ಏನೂ ಹಾಳಾಗಿರಲಿಲ್ಲವಲ್ಲ, ಎಲ್ಲವೂ ಅಧ್ಯಯನಕ್ಕೆ ಒಳಪಟ್ಟಿದ್ದವು.

ಕಷ್ಟವೆಂದರೆ ಸ್ಥಳ ಪರಿಶೀಲನೆ. ದಿನಕ್ಕೊಂದು ಹಾಳಾಗುವ ಮನೆಯನ್ನು ಎಲ್ಲಿಂದ ತರುವುದು? ತಲೆ ಕೆರೆದುಕೊಳ್ಳುತ್ತಾ ಸುತ್ತ ನೋಡಿದರು. ಮುಂಬಾಗಿಲಿಗೆ ಬೀಗದ ಬದಲು ಹಗ್ಗ. ಸಿಂಕಿನ ಕೆಳಗೆ ಬಕೆಟ್ಟು. ಗೋಡೆಯಲ್ಲಿ ಮೊಳೆ ಕಿತ್ತ ತೂತುಗಳು ಒಂದು ಡಜನ್. ಬಚ್ಚಲಿನ ಚಿಲಕ ಕೈಗೇ ಬರುತ್ತಿತ್ತು.

"ಅರೆ! ಇದೇ ಸಾಕಲ್ಲ!" ಎಂದು ಹಿಗ್ಗಿದರು.

ನೋಟ್‌ಬುಕ್ಕು ಹಿಡಿದು, ತಾವೇ ಮಾಲೀಕರೆಂದು ಭಾವಿಸಿ, ಮನೆಯೆಲ್ಲ ಸುತ್ತಿ ಒಂದೊಂದೇ ಬರೆದುಕೊಂಡರು. ಬರೆಯುತ್ತಾ ಬರೆಯುತ್ತಾ ಅವರಿಗೆ ಪಿತ್ತ ನೆತ್ತಿಗೇರಿತು. "ಥೂ, ಎಂಥಾ ಜನ! ಬೇರೆಯವರ ಆಸ್ತಿ ಅಂತ ಒಂದು ಚೂರಾದ್ರೂ ಕಾಳಜಿ ಬೇಡ್ವೇನ್ರೀ?" ಎಂದು ಖಾಲಿ ಅಡುಗೆಮನೆಯನ್ನು ಗದರಿದರು. ಅದೇ ಬಿಸಿಯಲ್ಲಿ ಕೂತು ಬರೆದರು:

"ವಸ್ತುಗಳು ತಾವಾಗಿಯೇ ದಿನಕ್ಕೊಂದರಂತೆ ಕೆಡುವುದಿಲ್ಲ. ಅಲ್ಲಿ ಕೆಡಿಸುವ ಕೈಯೊಂದಿದೆ, ಬಹುಶಃ ಗಂಡಸಿನದು. ಸದರಿ ಬಾಡಿಗೆದಾರರ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಖಾಲಿ ಮಾಡಿಸತಕ್ಕದ್ದು."

ಕೆಳಗೆ ಭಾಗ್ಯಲಕ್ಷ್ಮಿ ಅದನ್ನು ಓದಿ ಹೇಳಿದಾಗ ಶ್ರೀರಾಮಪ್ಪನವರಿಗೆ ಮನಸ್ಸು ಬರಲಿಲ್ಲ. ಮತ್ತೆ ಬರೆಸಿದರು: "ಹೆಂಗಸು ದೇವರಂಥವರು. ನಮಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟಿದ್ದಾರೆ."

ಮೇಲಿನಿಂದ ಉತ್ತರ ಬಂತು: "ಗಂಜಿಗೆ ಕರಗಬೇಡಿ."

"ಗಂಡಸು ಪಾಪ ಪೆದ್ದು ಮನುಷ್ಯ. ಹೊರಗೆ ಹೋದರೆ ಬದುಕೋದು ಕಷ್ಟ."

"ಪೆದ್ದರಂತೆ ಕಾಣುವವರನ್ನೇ ನಂಬಬಾರದು. ಇದು ನನ್ನ ಮೂವತ್ತಮೂರು ವರ್ಷದ ಅನುಭವ."

"ಬಾಯಲ್ಲಿ ಹೇಳೋಕೆ ನಾಲಿಗೆ ಏಳಲ್ಲ ಗುರುಗಳೇ."

"ಬಾಯಲ್ಲಿ ಹೇಳುವುದೇ ಬೇಡ. ಪತ್ರ ಕೊಡಿ. ಒಕ್ಕಣೆ ನಾನು ಬರೆದುಕೊಡುತ್ತೇನೆ." ಬರೆದೂ ಕೊಟ್ಟರು. ಕಚೇರಿಯಲ್ಲಿ ಮೂವತ್ತಮೂರು ವರ್ಷ ಕಲಿತ ಗಾಂಭೀರ್ಯವನ್ನೆಲ್ಲ ಆ ಒಂದು ಕಾಗದಕ್ಕೆ ಸುರಿದರು.

ಮರುದಿನ ಮಧ್ಯಾಹ್ನ ಫೋನು ಟಿಣ್ ಎಂದಿತು. ಪರದೆಯ ಮೇಲೆ ಹೂಮಳೆ ಸುರಿಯಿತು. "ಅಭಿನಂದನೆ! ನೀವೀಗ ಮಹಾಗುರು!" ವೆಂಕಟಸುಬ್ಬಯ್ಯ ಚಪ್ಪಲಿ ಮೆಟ್ಟಿಕೊಂಡು ಹೋಗಿ ಕಾಲು ಕೆಜಿ ಮೈಸೂರ್ ಪಾಕ್ ತಂದರು. ತಂದವರೇ, ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಶ್ರೀರಾಮಪ್ಪನವರ ಮುಂದೆ ಡಬ್ಬ ಬಿಚ್ಚಿದರು.

"ತಗೊಳ್ಳಿ ಶ್ರೀರಾಮಪ್ಪನವರೇ, ಸಿಹಿ. ನಂಗೆ ಪ್ರಮೋಶನ್ ಆಯ್ತು."

"ರಿಟೈರ್ ಆದ್ಮ್ಯಾಗೂ ಕೊಡ್ತಾರಾ ಸ್ವಾಮಿ?"

"ಯೋಗ್ಯತೆ ಇದ್ದೋರಿಗೆ ಕೊಡ್ತಾರೆ."

ಶ್ರೀರಾಮಪ್ಪನವರು ಮೈಸೂರ್ ಪಾಕನ್ನು ಬಾಯಿಗಿಟ್ಟುಕೊಂಡರು. ಕಣ್ಣಲ್ಲಿ ನೀರು ತುಂಬಿತು. ಬನಿಯನ್ನಿನ ಜೇಬಿನಿಂದ ಒಂದು ಲಕೋಟೆ ತೆಗೆದು, ಮುಖ ಆ ಕಡೆ ತಿರುಗಿಸಿಕೊಂಡೇ ಕೊಟ್ಟರು. "ತಪ್ಪು ತಿಳ್ಕೋಬೇಡಿ ಸ್ವಾಮಿ. ದೊಡ್ಡೋರ ಮಾತು. ನಮ್ಮ ಕೈಲಿ ಏನೂ ಇಲ್ಲ."

ಮೇಲೆ ಬಂದು ವೆಂಕಟಸುಬ್ಬಯ್ಯ ಲಕೋಟೆ ಒಡೆದು, ಹೆಂಡತಿಗೆ ಕೇಳಿಸುವಂತೆ ಗಟ್ಟಿಯಾಗಿ ಓದತೊಡಗಿದರು.

"'ಮಾನ್ಯರೇ, ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ...' ಆಹಾ! ಶುರುನೇ ಎಷ್ಟು ಚೆನ್ನಾಗಿದೆ ನೋಡೇ. 'ಸದರಿ ಮನೆಯ ವಸ್ತುಗಳು ನಿರಂತರವಾಗಿ ಹಾನಿಗೊಳಗಾಗುತ್ತಿರುವುದನ್ನು ಅತೀವ ವಿಷಾದದಿಂದ ಪರಿಗಣಿಸಲಾಗಿ...' ಅಬ್ಬಬ್ಬಾ, ಪರಿಗಣಿಸಲಾಗಿ! ಯಾರೋ ಘಟಾನುಘಟಿ ಬರೆದಿರೋ ಡ್ರಾಫ್ಟು. ಈಗಿನ ಹುಡುಗರ ಕೈಲಿ ಆಗತ್ತಾ ಇದು?"

"ಕೊನೇಲಿ ಏನಿದೆ ಅಂತ ಓದ್ರೀ," ಎಂದರು ವೇದಾ.

"'ಆದಕಾರಣ ತಾವು ಮೂವತ್ತು ದಿನಗಳೊಳಗಾಗಿ ಸದರಿ ಮನೆಯನ್ನು ಖಾಲಿ ಮಾಡತಕ್ಕದ್ದು...'"

ಕಾಗದವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಸೋಫಾದ ಮೇಲೆ ಕೂತರು. ಸೋಫಾದ ಕಾಲೊಂದು ಹಿಂದಿನ ವಾರ ಅಧ್ಯಯನಕ್ಕೆ ಒಳಪಟ್ಟಿತ್ತಾದ್ದರಿಂದ ಅದು ಪಕ್ಕಕ್ಕೆ ವಾಲಿತು.

"ವೇದಾ... ಇದು ನಾನೇ ಬರ್ದಿದ್ದು."

ಅವರು ಆದಿಯಿಂದ ಅಂತ್ಯದವರೆಗೆ ಎಲ್ಲ ಹೇಳಿದರು. ವೇದಾ ಕಣ್ಣು ಮಿಟುಕಿಸದೆ ಕೇಳಿದರು.

"ಹಾಲಿನ ಪಾತ್ರೆ?"

"ನಾನೇ."

"ಮುಂಬಾಗಿಲ ಬೀಗ?"

"ನಾನೇ."

"ಮೋಟರು?"

"ಕೆಡಿಸಿದ್ದೂ ನಾನೇ, ಸರಿಮಾಡಿದ್ದೂ ನಾನೇ."

"ಇರುವೆ?"

"ಕರೆದಿದ್ದಷ್ಟೇ ನಾನು. ಬಂದದ್ದು ಅವೇ."

"ಅಯ್ಯೋ ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಒಂಬತ್ತು ಶನಿವಾರ ನಾನು ಶನಿದೇವರಿಗೆ ಸುತ್ತು ಬಂದೆನಲ್ರೀ! ಶನಿ ಇಲ್ಲಿ ಸೋಫಾದ ಮೇಲೆ ಕೂತು ಕಾಫಿ ಕುಡೀತಿತ್ತು!" ಎಂದವರೇ ವೇದಾ ಅತ್ತರು. ಅಳು ಮುಗಿಸಿ ಮೂಗೊರೆಸಿಕೊಂಡು ಹೇಳಿದರು: "ನಂಗೆ ಅದೆಲ್ಲ ಗೊತ್ತಿಲ್ಲ. ನೀವೇ ಕಳೆದಿರೋ ಮನೆ, ನೀವೇ ಉಳಿಸ್ಕೊಡಿ."

ವೆಂಕಟಸುಬ್ಬಯ್ಯ ಫೋನು ತೆಗೆದರು. ಆ್ಯಪಿನ ನಿಯಮ ಸ್ಪಷ್ಟವಾಗಿತ್ತು: ಒಪ್ಪಿಗೆಯಾದ ಉತ್ತರವನ್ನು ಬರೆದವರೇ ತಪ್ಪೆಂದು ಹಿಂದಕ್ಕೆ ಪಡೆದರೆ ಟಿಕ್ ಹೋಗುತ್ತದೆ. ನೂರು ತೊಂಬತ್ತೊಂಬತ್ತಾಗುತ್ತದೆ. ಮಹಾಗುರುವಾಗಿ ಇನ್ನೂ ಎರಡು ಗಂಟೆ ಆಗಿರಲಿಲ್ಲ. ಹೆಬ್ಬೆರಳು ಗಾಳಿಯಲ್ಲಿ ನಿಂತಿತು. ಒಳಗೆ ವೇದಾ ಹಳೆಯ ಸೀರೆಯಲ್ಲಿ ಹಿತ್ತಾಳೆ ಪಾತ್ರೆಗಳನ್ನು ಗಂಟು ಕಟ್ಟಲು ಶುರುಮಾಡಿದ್ದು ಕೇಳಿಸಿತು. ಅವರು ಕಣ್ಣು ಮುಚ್ಚಿ ಒತ್ತಿದರು. "ನನ್ನ ಉತ್ತರ ತಪ್ಪು. ಸದರಿ ಬಾಡಿಗೆದಾರರು ನಿರಪರಾಧಿಗಳು. ದಯವಿಟ್ಟು ಇಟ್ಟುಕೊಳ್ಳಿ."

ಕೆಳಗೆ ಶ್ರೀರಾಮಪ್ಪ ಇದನ್ನು ಕೇಳಿ ತಲೆಯಾಡಿಸಿದರು. "ನೆನ್ನೆ ಒಂದು, ಇವತ್ತೊಂದು. ಗುರುಗಳ ಫೋನು ಯಾರೋ ಕಿತ್ಕೊಂಡವ್ರೆ ಕಣವ್ವಾ. ಪೊಲೀಸ್ನೋರಿಗೆ ಹೇಳ್ಬೇಕಾಯ್ತದೆ."

ಅಷ್ಟರಲ್ಲಿ ವೆಂಕಟಸುಬ್ಬಯ್ಯನವರೇ ಇಳಿದು ಬಂದು ಕೈಮುಗಿದರು. "ಶ್ರೀರಾಮಪ್ಪನವರೇ, ಆ 'ಅನುಭವಿ' ಬೇರೆ ಯಾರೂ ಅಲ್ಲ. ನಾನೇ."

ಶ್ರೀರಾಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀವಾ? ಸ್ವಾಮಿ, ಮನೆ ಉಳಿಸ್ಕೊಳ್ಳೋಕೆ ಎಂಥಾ ಮಾತಾಡ್ತೀರಿ! ಹೋದ್ ವರ್ಸ ನಿಮ್ಮನೇಲಿ ಬಲ್ಬ್ ಹಾಕೋಕೆ ನನ್ನ ಕರೆದಿದ್ರಿ, ಮರ್ತೋಯ್ತಾ?"

"ಆಮೇಲೆ ಕಲಿತೆ. ಬೇಕಾದ್ರೆ ಆ ಹಾರ್ಡ್‌ವೇರ್ ಅಂಗಡಿಯವರನ್ನ ಕೇಳಿ."

ಭಾಗ್ಯಲಕ್ಷ್ಮಿ ಹೋಗಿ ಉಮ್ಮೆ ಕುಲ್ಸುಂ ಅವರನ್ನು ಕರೆದುಕೊಂಡೇ ಬಂದಳು. "ಈ ಸಾರಾ? ಗೊತ್ತು," ಎಂದರು ಆಕೆ. "ಬೀಗ ಒಡೆಯೋದು ಕಲೀತಿದಾರೆ."

ಈ ಸಾಕ್ಷ್ಯದಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಭಾನುವಾರ ಬೆಳಿಗ್ಗೆ, ದೇವರು ದೊಡ್ಡವನು, ಮೋಟರು ಮತ್ತೆ ಕೈಕೊಟ್ಟಿತು. ಗರ್ರೆಂದು ಓಡುತ್ತಿತ್ತು, ನೀರು ಮಾತ್ರ ಏರುತ್ತಿರಲಿಲ್ಲ. ಎಲ್ಲರೂ ಬಕೆಟ್ ಹಿಡಿದು ಇಳಿದರು, ಎಲ್ಲರೂ ವೆಂಕಟಸುಬ್ಬಯ್ಯನವರನ್ನೇ ನೋಡಿದರು.

"ಈ ಸಲ ಸತ್ಯವಾಗ್ಲೂ ನಾನಲ್ಲ!" ಎಂದು ಅವರು ವೇದಾ ತಲೆಯ ಮೇಲೆ ಕೈಯಿಡಲು ಹೋದರು. ವೇದಾ ತಲೆ ತಪ್ಪಿಸಿಕೊಂಡರು.

ನರೇಶ ಕೆ.ಆರ್. ಪುರಂ ಬ್ರಿಡ್ಜ್ ಹತ್ತಿರ ಇದ್ದ.

"ನಾನು ಮಾಡ್ತೀನಿ," ಎಂದು ವೆಂಕಟಸುಬ್ಬಯ್ಯ ಪಂಚೆ ಎತ್ತಿ ಕಟ್ಟಿದರು. "ಭಾಗ್ಯಲಕ್ಷ್ಮಿ, 'ಅನುಭವಿ' ಮೋಟರಿನ ಬಗ್ಗೆ ಬರೆದ ಉತ್ತರ ತೆಗಿಯಮ್ಮ. ನಾನು ನೋಡದೆ ಹೇಳ್ತಾ ಹೋಗ್ತೀನಿ, ನೀನು ತಾಳೆ ನೋಡ್ತಾ ಹೋಗು." ಅವರು ಮೋಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಮೊದಲನೆಯದಾಗಿ, ಗಾಬರಿಯಾಗತಕ್ಕದ್ದಲ್ಲ. ಸ್ವಿಚ್ಚನ್ನು ಆರಿಸತಕ್ಕದ್ದು. ಎರಡನೆಯದಾಗಿ, ಸದರಿ ಮೋಟರಿನ ಮೇಲ್ಭಾಗದ ಬಿರಡೆಯನ್ನು ಬಿಚ್ಚತಕ್ಕದ್ದು. ತಂಬಿಗೆಯಿಂದ ನೀರನ್ನು, ಗುಳ್ಳೆಗಳು ನಿಲ್ಲುವವರೆಗೂ, ತಾಳ್ಮೆಯಿಂದ..."

"'ತಾಳ್ಮೆಯಿಂದ ಎರೆಯತಕ್ಕದ್ದು,'" ಎಂದು ಭಾಗ್ಯಲಕ್ಷ್ಮಿ ಫೋನು ನೋಡುತ್ತಾ ಮುಗಿಸಿದಳು. ಅವಳ ಕಣ್ಣು ದೊಡ್ಡದಾಯಿತು. "ಮಾವ, ಒಂದಕ್ಷರ ಆಚೀಚೆ ಇಲ್ಲ."

ಗುಳುಗುಳು ಸದ್ದು ನಿಂತಿತು. ಬಿರಡೆ ಬಿಗಿದರು. ಸ್ವಿಚ್ ಹಾಕಿದರು. ಎರಡು ನಿಮಿಷ ಎಲ್ಲರೂ ಕತ್ತೆತ್ತಿ ನೋಡಿದರು. ಆಮೇಲೆ ಮೇಲೆ ಟ್ಯಾಂಕಿನಲ್ಲಿ ಧೋ ಎಂದು ನೀರು ಬಿದ್ದ ಸದ್ದು ಕೇಳಿಸಿತು. ಗದ್ದಲ ಕೇಳಿ ಬಂದು ನಿಂತಿದ್ದ ಉಮ್ಮೆ ಕುಲ್ಸುಂ ಚಪ್ಪಾಳೆ ತಟ್ಟಿದರು. ಶ್ರೀರಾಮಪ್ಪನವರು ಎದ್ದು ಬಂದು ವೆಂಕಟಸುಬ್ಬಯ್ಯನವರ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದರು.

"ಹೌದು ಕಣಪ್ಪ. ಮೋಟ್ರಿಗೆ ಸದರಿ ಅನ್ನೋ ಮನುಷ್ಯ ಈ ಬೆಂಗಳೂರಾಗೆ ಇಬ್ರು ಇರಾಕಿಲ್ಲ. ಗುರುಗಳೇ, ನೀವೇ!" ಎಂದು ಕೈಮುಗಿದರು. ಮುಗಿದ ಕೈ ಹಾಗೇ ನಿಂತಿತು. "ಅಂದ್ರೆ... ದಿನಕ್ಕೊಂದು ಕೆಡಿಸ್ತಿದ್ದೋರೂ ನೀವೇ?"

"ಕಲಿಯೋಕೆ ಕೆಡಿಸಿದೆ ಶ್ರೀರಾಮಪ್ಪನವರೇ. ಎಲ್ಲಾ ಸರಿಮಾಡ್ಕೊಡ್ತೀನಿ. ಈ ಜನ್ಮದಲ್ಲಿ ಇನ್ನೊಂದು ಮೊಳೆ ಮುಟ್ಟಲ್ಲ."

ಶ್ರೀರಾಮಪ್ಪ ಕುರ್ಚಿಯಲ್ಲಿ ಕೂತು ಗಲ್ಲ ಕೆರೆದುಕೊಂಡರು. ವೇದಾ ಗೋಡೆಗೊರಗಿ ಅವರ ಬಾಯನ್ನೇ ನೋಡುತ್ತಿದ್ದರು.

"ನಂಗೆ ದೊಡ್ಡ ಕಷ್ಟಕ್ಕೆ ಬಂತಲ್ಲಪ್ಪ," ಎಂದರು ಶ್ರೀರಾಮಪ್ಪ. "ಗುರುಗಳ ಮಾತು ಕೇಳಿದ್ರೆ ಬಾಡಿಗೆದಾರರನ್ನ ಕಳಿಸ್ಬೇಕು. ಬಾಡಿಗೆದಾರರನ್ನ ಇಟ್ಕೊಂಡ್ರೆ ಗುರುಗಳ ಮಾತು ಮೀರಿದಂಗಾಯ್ತದೆ. ಅಮ್ಮಾವ್ರನ್ನ ಕಳಿಸೋಕೆ ನನ್ನ ಪ್ರಾಣ ಒಪ್ಪಾಕಿಲ್ಲ. ಒಂದ್ ಕೆಲಸ ಮಾಡಾನ. ಕರಾರು ಇನ್ಮ್ಯಾಕೆ ಅಮ್ಮಾವ್ರ ಹೆಸರಿಗೆ. ಬಾಡಿಗೆದಾರರು ಅಂದ್ರೆ ಅವರೊಬ್ರೇ. ಆಯ್ತಾ?"

"ಮತ್ತೆ ನಾನು?" ಎಂದರು ವೆಂಕಟಸುಬ್ಬಯ್ಯ ಗಾಬರಿಯಿಂದ.

"ಅದನ್ನ ಆಮ್ಯಾಕೆ ನೋಡಾನ. ಮೊದ್ಲು ನೀವೇ ಬರೀರಿ, ನಿಮ್ಮಷ್ಟು ಚಂದ ಒಕ್ಕಣೆ ಯಾರ ಕೈಲಾಯ್ತದೆ?"

ಅಂದೇ ಸಂಜೆ ಕೆಳಗಿನ ಮನೆಯ ಹಜಾರದಲ್ಲಿ ವೆಂಕಟಸುಬ್ಬಯ್ಯ ಕನ್ನಡಕ ಏರಿಸಿ ಕರಾರು ಬರೆದರು. ಹತ್ತು ಷರತ್ತುಗಳು ಮುಗಿದ ಮೇಲೆ, ಎಲ್ಲ ಬಾಡಿಗೆ ಕರಾರುಗಳ ಕೊನೆಯಲ್ಲೂ ಇರುವಂತೆ, ಮಾಲೀಕರು ಬಾಡಿಗೆದಾರರ ವಶಕ್ಕೆ ಕೊಟ್ಟ ವಸ್ತುಗಳ ಪಟ್ಟಿ ಬಂತು. ಶ್ರೀರಾಮಪ್ಪ ಹೇಳಿದರು, ಅವರು ಬರೆದುಕೊಂಡರು: ಫ್ಯಾನು ಮೂರು, ಟ್ಯೂಬ್‌ಲೈಟು ನಾಲ್ಕು, ಗೀಸರು ಒಂದು, ಸಿಂಕು ಒಂದು.

"ಆಮೇಲೆ?" ಎಂದರು ವೆಂಕಟಸುಬ್ಬಯ್ಯ, ಪೆನ್ನು ಎತ್ತಿ.

"ವೆಂಕಟಸುಬ್ಬಯ್ಯ, ಒಂದು."

ಪೆನ್ನು ನಿಂತಿತು. ಅವರು ಹೆಂಡತಿಯ ಮುಖ ನೋಡಿದರು. ವೇದಾ ಬರೀರಿ ಎನ್ನುವಂತೆ ತಲೆಯಾಡಿಸಿದರು. ಅವರು ತಲೆ ತಗ್ಗಿಸಿ, ದುಂಡಗಿನ ಅಕ್ಷರದಲ್ಲಿ, ಸಿಂಕಿನ ಕೆಳಗೆ ಬರೆದರು.

"ಮುಂದೆ 'ಸ್ಥಿತಿ' ಅಂತ ಒಂದು ಕಲಂ ಇದೆ," ಎಂದರು ಸಣ್ಣ ದನಿಯಲ್ಲಿ. "ಉಳಿದ ಎಲ್ಲಕ್ಕೂ 'ಸುಸ್ಥಿತಿ' ಅಂತ ಹಾಕಿದೀನಿ. ಇದಕ್ಕೂ ಹಾಗೇ ಹಾಕ್ಲಾ?"

"ಬೇಡಪ್ಪಾ!" ಎಂದು ವೇದಾ ಕೈ ಅಡ್ಡ ಹಿಡಿದರು. "ಹಾಗೆ ಬರೆದ್ರೆ ನಾಳೆ ಖಾಲಿ ಮಾಡೋವಾಗ ಸುಸ್ಥಿತೀಲೇ ವಾಪಸ್ ಕೊಡ್ಬೇಕಾಗತ್ತೆ, ಎಲ್ಲಿಂದ ತರ್ಲಿ? 'ಇದ್ದ ಹಾಗೆ' ಅಂತ ಬರೀರಿ. ಇಷ್ಟು ವರ್ಷ ನಾನು ಇಟ್ಕೊಂಡಿರೋದೂ ಹಾಗೇ ತಾನೆ?"

ಎಂದು ಹೇಳಿ, ಪೆನ್ನು ಕಸಿದುಕೊಂಡು ವೇದಾ ಸಹಿ ಹಾಕಿದರು.